ಎಂಟ್ರಿ ಆದ ಕೋಳಿಗಳು

ಅರಿಶಿನಕುಂಟೆಯ ನಮ್ಮ ಲೇಔಟಿನಲ್ಲಿ ಆಗೆಲ್ಲ ಬೆಳಿಗ್ಗೆ ಸೆಕ್ಯೂರಿಟಿ ಕ್ಯಾಬಿನ್ನಿನಿಂದ ಕೊಕ್ಕೊಕ್ಕೋ ಎಂಬ ಸದ್ದು ಬರುತ್ತಿತ್ತು. ವಾಚ್‌ಮನ್ ತನ್ನ ಡ್ಯೂಟಿಯ ಜೊತೆಗೇ ಅಲ್ಲಿ ಮೂರು ನಾಟಿಕೋಳಿ ಸಾಕಿ ಮೊಟ್ಟೆ ಮಾರುತ್ತಿದ್ದ. ವೆರಿ ಸಿನ್ಸಿಯರ್ ಮನುಷ್ಯ, ಪಾಪ. "ಯಾರೇ ಬರ್ಲಿ ಮೇಡಮ್ಮ, ಎಂಟ್ರಿ ಆಗ್ಬೇಕು" ಎನ್ನುತ್ತಿದ್ದ.

ಒಂದು ದಿನ ಲೇಔಟ್ ಅಸೋಸಿಯೇಷನ್ನಿನ ಸೆಕ್ರೆಟರಿ ವಿಸಿಟರ್ಸ್ ರಿಜಿಸ್ಟರ್ ತೆರೆದು ಕೂಗಾಡಿದರು.

"ಯಾರಯ್ಯ ಈ ಕೆಂಪಿ? ಬಂದ ಕಾರಣ, ಮೊಟ್ಟೆ ಇಡೋಕೆ ಅಂತ ಬರ್ದಿದ್ದೀಯ!"

"ಕೋಳಿ ಸಾರ್. ರೂಲ್ಸು ನೀವೇ ಮಾಡಿದ್ದಲ್ವಾ?"

"ಹೊರಗ್ಹೋದ ಟೈಮೇ ಇಲ್ವಲ್ಲೋ!"

"ಇನ್ನೂ ಇಟ್ಟಿಲ್ಲ ಸಾರ್."

"ಕೋಳಿ ಬೇಕೋ, ಕೆಲ್ಸ ಬೇಕೋ? ಈಗ್ಲೇ ಹೇಳು!"

ಅವನು ಯೂನಿಫಾರ್ಮ್ ಶರ್ಟು ಬಿಚ್ಚಿ, ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟ.

ನಾನು ಅವನನ್ನು ಕಡೆಯದಾಗಿ ಕಂಡದ್ದು ಆಗಲೇ. ಬನಿಯನ್ನಿನಲ್ಲಿ ಗೇಟು ದಾಟುತ್ತಿದ್ದ. ಎಡಗೈಯಲ್ಲಿ ಎರಡು ಕೋಳಿ, ಬಲಗೈಯಲ್ಲಿ ಒಂದು. ನನ್ನನ್ನು ಕಂಡು ನಿಂತು, ಕೋಳಿ ಸಮೇತ ಸೆಲ್ಯೂಟ್ ಹೊಡೆದ.