ಜರ್ಮನ್ ಮುಚ್ಚಳ

2011ರ ಮುಷ್ಕರದ ದಿನಗಳು. ನಾನಾಗ ತಾಂಡೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕ, ಮನೆ ಜಹೀರಾಬಾದಿನಲ್ಲಿ. ಪ್ರತ್ಯೇಕ ತೆಲಂಗಾಣಕ್ಕಾಗಿ ನೌಕರರು ಕೆಲಸ ಬಿಟ್ಟಿದ್ದರು, ಬಸ್ಸುಗಳು ಡಿಪೋದಿಂದ ಹೊರಬರುತ್ತಿರಲಿಲ್ಲ. ನಾನು ಮನೆಯಲ್ಲಿ ಕೂತು ಹೆಂಡತಿಯ ತಲೆ ತಿನ್ನುತ್ತಿದ್ದೆ. ಇದು ಅವಳದೇ ಮಾತು.

ನನ್ನ ತಲೆ ತಿನ್ನುತ್ತಿದ್ದದ್ದು ಮಾಳಮ್ಮನ ಪ್ರಾಜೆಕ್ಟ್. ಬಶೀರಾಬಾದಿನ ಕುರಿ ಸಾಕುವ ಮನೆಯ ಹುಡುಗಿ, ಎಂ.ಎಸ್ಸಿ. ಕೊನೆಯ ವರ್ಷ, ತಾಂಡೂರಿನ ಹಾಸ್ಟೆಲಿನಲ್ಲಿದ್ದಳು. ಹಟಮಾರಿ. ಅವಳನ್ನು ಕಂಡರೆ ನನಗೆ ಬಹಳ ಅಕ್ಕರೆ.

ಅವಳ ವಿಷಯ ಪಾಸಿಟ್ರಾನ್. ಅದು ಎಲೆಕ್ಟ್ರಾನಿನಂಥದೇ ಕಣ, ವಿದ್ಯುದಂಶ ಮಾತ್ರ ಉಲ್ಟಾ. ಘನವಸ್ತುವಿನೊಳಗೆ ಹೊಕ್ಕರೆ ಒಂದು ಎಲೆಕ್ಟ್ರಾನ್ ಸಿಗುವವರೆಗಷ್ಟೇ ಅದರ ಬದುಕು. ಸಿಕ್ಕೊಡನೆ ಎರಡೂ ಇಲ್ಲವಾಗಿ ಗಾಮಾ ಕಿರಣಗಳು ಉಳಿಯುತ್ತವೆ. ಆ ಆಯುಸ್ಸನ್ನು ಪಿಕೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನಲ್ಲಿ ಅಳೆಯುತ್ತೇವೆ. ಪರಮಾಣು ಇರಬೇಕಾದ ಕಡೆ ಖಾಲಿ ಜಾಗವಿದ್ದರೆ ಅಲ್ಲಿ ಎಲೆಕ್ಟ್ರಾನ್‌ಗಳು ಕಡಿಮೆ, ಹಾಗಾಗಿ ಪಾಸಿಟ್ರಾನ್ ಅಲ್ಲಿ ತುಸು ಹೆಚ್ಚು ಬಾಳುತ್ತದೆ.

ಪಾಸಿಟ್ರಾನ್ ಹೊಮ್ಮಿಸುವ ಸೋಡಿಯಂ ಮೂಲವನ್ನು ಹೈದರಾಬಾದಿನಿಂದ ಎರವಲು ತಂದಿದ್ದೆವು. ತಿಂಗಳ ಕೊನೆಗೆ ಹಿಂದಿರುಗಿಸಬೇಕು. ಅಷ್ಟರೊಳಗೆ ಅಳತೆ ಮುಗಿಯದಿದ್ದರೆ ಮಾಳಮ್ಮನ ವರ್ಷವೇ ಹಾಳು, ಸಂಶೋಧನೆಗೆ ಸಿಗಬಹುದಾಗಿದ್ದ ಸೀಟೂ ಹೋದಂತೆ. ಅಳೆಯಬೇಕಾದದ್ದು ಜರ್ಮೇನಿಯಂ. ಅದು ಬೀರುವಿನಲ್ಲಿತ್ತು, ಬೀರುವಿನ ಕೀಲಿ ನನ್ನ ಜೇಬಿನಲ್ಲಿ, ನಾನು ಜಹೀರಾಬಾದಿನಲ್ಲಿ.

ಒಂದು ದಿನ ಅವಳೇ ಫೋನ್ ಮಾಡಿದಳು. "ಸರ್, ಕುಂತು ಕುಂತು ಸಾಕಾತು. ಜರ್ಮನ್ ಹಾಕಿ ಚಾಲೂ ಮಾಡೀನ್ರಿ."

ಎಲ್ಲೋ ಜರ್ಮೇನಿಯಂನ ಇನ್ನೊಂದು ತುಂಡು ಸಿಕ್ಕಿರಬೇಕು ಎಂದುಕೊಂಡೆ. ಫಲಿತಾಂಶ ಬಂತು: ಸುಮಾರು 225 ಪಿಕೋಸೆಕೆಂಡ್. ಜರ್ಮೇನಿಯಂಗೆ ಪುಸ್ತಕಗಳಲ್ಲಿ ಕೊಟ್ಟಿರುವುದೂ ಹೆಚ್ಚುಕಡಿಮೆ ಅಷ್ಟೇ. ನನಗೆ ಹಿಡಿಸಲಾರದಷ್ಟು ಖುಷಿ. ಇನ್ನು ಖಾತ್ರಿಗೆ ಮಾದರಿಯನ್ನು ಕುಲುಮೆಯಲ್ಲಿ ನಾಲ್ಕುನೂರು ಡಿಗ್ರಿಗೆ ಕಾಯಿಸಿ, ಆರಿಸಿ, ಮತ್ತೆ ಅಳೆ ಎಂದೆ. ಸಂಖ್ಯೆ ಅಲುಗಾಡಬಾರದು.

ಅಲುಗಾಡಿತು. 165ಕ್ಕೆ ಇಳಿದು ಕೂತಿತು. ಜರ್ಮೇನಿಯಂನಲ್ಲಿ ಅದು ಸಾಧ್ಯವೇ ಇಲ್ಲ. ಉಪಕರಣದ ಹೊಂದಾಣಿಕೆ ತಪ್ಪಿದೆ, ಎಲ್ಲ ಅಳಿಸಿ ಮೂಲವನ್ನು ಪ್ಯಾಕ್ ಮಾಡು ಎಂದು ಹೇಳಿದೆ.

ಫೋನ್ ಇಟ್ಟು ಹಾಗೇ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಸುಮ್ಮನ ಯಾಕ ನಿಂತೀರಿ? ಆ ಜರ್ಮನ್ ಬೋಗಾಣಿ ಇಳಸ್ರಿ, ಹಾಲು ಉಕ್ಕಾಕತ್ತದ."

ಬೋಗಾಣಿ ಇಳಿಸಲಿಲ್ಲ, ಫೋನಿಗೆ ಓಡಿದೆ. ಹಾಲು ಒಲೆಯ ಪಾಲಾಯಿತು. ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಎನ್ನುತ್ತಾರೆ. ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೆ ಲ್ಯಾಬಿನ ಫೋನಿನಲ್ಲಿ ಕೇಳಿದಾಗ ನನ್ನ ಕಿವಿ ಪ್ರೊಫೆಸರನ ಕಿವಿಯಾಗಿತ್ತು.

"ಮಾಳಮ್ಮ, ಅಳಿಸಿದಿ ಏನು?"

"ಇಲ್ರಿ ಸರ್. ಮನಸ್ಸು ಬರಲಿಲ್ಲ."

ಉಸಿರು ಬಂತು. ಆಗ ವಿವರ ಕೇಳಿದೆ. ಊರಿಂದ ಅವ್ವ ಬುತ್ತಿ ಕಳಿಸಿದ್ದ ಪಾತ್ರೆಯ ಮುಚ್ಚಳದಿಂದ ಎರಡು ಬಿಲ್ಲೆ ಕತ್ತರಿಸಿ, ಡೊಂಕಾಗಿದ್ದವೆಂದು ಗುಂಡುಕಲ್ಲಿನಿಂದ ಬಡಿದು ಸಮ ಮಾಡಿ, ಮೂಲದ ಎರಡೂ ಬದಿಗೆ ಇಟ್ಟಿದ್ದಳಂತೆ. ಆ ಬಡಿತಕ್ಕೆ ಲೋಹದೊಳಗೆ ಖಾಲಿ ಜಾಗಗಳು ಹುಟ್ಟಿ ಪಾಸಿಟ್ರಾನಿನ ಆಯುಸ್ಸು ಏರಿತ್ತು. ಕಾಯಿಸಿದಾಗ ಅವು ಮುಚ್ಚಿಹೋಗಿ, ಅಲ್ಯೂಮಿನಿಯಂನ ನಿಜವಾದ ಆಯುಸ್ಸು ಹೊರಬಿದ್ದಿತ್ತು. ಬಡಿದ ಲೋಹದ ಆಯುಸ್ಸು ಜರ್ಮೇನಿಯಂನದಕ್ಕೆ ಹತ್ತಿರ ಬಂದದ್ದು ಬರೀ ಕಾಕತಾಳೀಯ. ಉಪಕರಣ ಸರಿಯಾಗಿಯೇ ಇತ್ತು, ಹುಡುಗಿಯೂ.

"ನಾ ಮೊದಲೇ ಹೇಳಿದ್ನಲ್ರಿ ಸರ್, ಜರ್ಮನ್ ಅಂತ," ಎಂದಳು. ದನಿಯಲ್ಲಿ ನಗುವೂ ಇತ್ತು, ಅಳುವೂ.

ಪ್ರಾಜೆಕ್ಟಿನ ಶೀರ್ಷಿಕೆ ಬದಲಾಯಿತು, ಮೂಲ ಹೊತ್ತಿಗೆ ಸರಿಯಾಗಿ ಹಿಂದಿರುಗಿತು, ಮಾಳಮ್ಮನಿಗೆ ಸೀಟು ಸಿಕ್ಕಿತು. ಅವಳ ಅವ್ವನಿಗೆಂದು ಹೊಸ ಮುಚ್ಚಳ ಹಿಡಿದು ನಾನೇ ಬಶೀರಾಬಾದಿಗೆ ಹೋದೆ. ಒಲೆಯ ಮೇಲೆ ಆ ಎರಡು ತೂತಿನ ಮುಚ್ಚಳವೇ ಇತ್ತು. ಆಕೆ ಹೊಸದನ್ನು ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟರು. "ಇದೇ ಇರ್ಲಿ ಬಿಡ್ರಿ ಸರ್. ತೂತು ಬಿದ್ದ ಮ್ಯಾಗ ಅನ್ನ ಉಕ್ಕಂಗಿಲ್ಲ."

ನಿವೃತ್ತಿಯಾಗುವವರೆಗೂ ಆ ಹೊಸ ಮುಚ್ಚಳ ಲ್ಯಾಬಿನ ನನ್ನ ಮೇಜಿನ ಮೇಲಿತ್ತು. ಯಾವ ವಿದ್ಯಾರ್ಥಿ ಮಾದರಿ ತಂದು ಅದರ ಹೆಸರು ಹೇಳಿದರೂ, ಯಂತ್ರ ಚಾಲೂ ಮಾಡುವ ಮೊದಲು ನಾನು ಒಂದು ಮಾತು ಕೇಳುತ್ತಿದ್ದೆ: "ನಿಮ್ಮ ಮನ್ಯಾಗ ಇದಕ್ಕ ಏನಂತಾರ?"