ಪಾರಸನಾಥ ಸ್ಟೇಷನ್ನಿನ ತನಕ ಗಂಡ

ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಸಮುದ್ರ ನೋಡಿದವರು ಒಬ್ಬರೂ ಇರಲಿಲ್ಲ. ವಿಮಾನವನ್ನು ಅಂಗಳದಲ್ಲಿ ನಿಂತು ನೋಡಿದ್ದೆವು, ಹುಣಸೆಕಾಯಿಯಷ್ಟು. ಆದರೂ ಅಂದಮಾನಕ್ಕೆ ಹಡಗಿನಲ್ಲಿ ಹೋಗಬೇಕೋ ವಿಮಾನದಲ್ಲಿ ಹೋಗಬೇಕೋ ಎಂದು ನನ್ನ ಗಂಡ ಮತ್ತು ಅವರಣ್ಣ ತಿಂಗಳ ಮೇಲೆ ವಾದ ಮಾಡಿದರು. ನಮ್ಮದು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ. ಊಟ ಬೇಗ ಮುಗಿದರೆ ಗಂಡಸರಿಗೆ ಸಂಜೆ ಉದ್ದವಾಗುತ್ತದೆ, ಉದ್ದವಾದ ಸಂಜೆಗೆ ವಾದ ಬೇಕಾಗುತ್ತದೆ.

ಹೋಗಬೇಕಾದವಳು ನಾನು. ಅಲ್ಲಿ ನನ್ನ ತಂಗಿ ಇದ್ದಳು. ಅವ್ವ ಸತ್ತ ಮೇಲೆ ತವರೂರು ಕಬನೂರಿನಲ್ಲಿ, ಮಗ್ಗದ ಸಪ್ಪಳದಲ್ಲಿ, ಅವಳನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ನಾನು. ಇಚಲಕರಂಜಿಯ ಹುಡುಗನಿಗೆ ಕೊಟ್ಟೆವು. ಅವನಿಗೆ ಸರಕಾರಿ ಓವರಸಿಯರ ಕೆಲಸ ಸಿಕ್ಕಿತು, ಅಂದಮಾನಕ್ಕೆ ಬದಲಿಯೂ ಆಯಿತು. “ಏನ್ ಕಳವ ಮಾಡಿದ್ನವ್ವಾ, ಕಾಳಾ ಪಾಣಿಗೆ ಹಾಕ್ಯಾರ?” ಎಂದು ಓಣಿಯವರು ನಕ್ಕರು. ನಗಲಿ. ತಂಗಿ ಎರಡು ಸಲ ಹಡೆದಳು, ಎರಡೂ ಉಳಿಯಲಿಲ್ಲ. ಮೂರನೆಯ ಸಲ ಡಾಕ್ಟರರು ಅಲುಗಾಡಬೇಡ ಎಂದಿದ್ದರು. ಅವಳು ತವರಿಗೆ ಬರುವಂತಿರಲಿಲ್ಲ, ತವರು ಅಂದರೆ ಉಳಿದವಳು ನಾನೊಬ್ಬಳೇ. “ಅಕ್ಕಾ, ನೀ ಬಂದ್ರ ಈ ಕೂಸು ಉಳೀತೈತಿ” ಎಂದು ಬರೆಸಿ ಕಳಿಸಿದ್ದಳು. ಖರ್ಚೆಲ್ಲ ತನ್ನದು ಎಂದು ಅವಳ ಗಂಡ ಸೇರಿಸಿದ್ದ. ಮಂದಿಯ ಖರ್ಚಿನಲ್ಲಿ ಅಭಿಪ್ರಾಯ ಹೇಳುವುದು ನಮ್ಮ ಮನೆಯ ಗಂಡಸರಿಗೆ ಬಹಳ ಸಲೀಸು.

ಗಂಡನ ಅಣ್ಣ, ನಮ್ಮ ಭಾವನವರಿಗೆ ಬೆಲ್ಲದ ಅಂಗಡಿ. ಅವರದು ಹಡಗಿನ ಪಕ್ಷ.

“ಹಡಗ ಅಂದ್ರ ಒಂದ ಮನಿ ಇದ್ಧಾಂಗ. ಅಡಿಗಿ ಮಾಡ್ಕೋಬಹುದು, ನೀರ ಸೋಸ್ಕೋಬಹುದು. ವಿಮಾನ ಬಿದ್ರ ಏನ್ ಮಾಡ್ತಿ?”

“ಹಡಗ ಮುಳಗಿದ್ರ ನೀ ಏನ್ ಮಾಡ್ತಿ?” ಎಂದರು ನನ್ನ ಗಂಡ.

“ಮುಳಗಿದ್ರ ಈಸಬಹುದೋ.”

“ನೀ? ಹಿರಣ್ಯಕೇಶಿ ಹೊಳ್ಯಾಗ ಮೊಣಕಾಲ ತನಕಾ ಇಳದ ಪಾವಟಿಗಿ ಹಿಡಕೊಂಡ ಅಳಾಂವ?”

ಆಮೇಲೆ ಇಬ್ಬರಿಗೂ ಅಹಿಂಸೆ ನೆನಪಾಯಿತು. ಹಡಗು ನೀರಿನೊಳಗಿನ ಜೀವ ಎಷ್ಟು ಕೊಲ್ಲುತ್ತದೆ, ವಿಮಾನದ ಪಂಖಕ್ಕೆ ಹಕ್ಕಿ ಎಷ್ಟು ಸಿಗುತ್ತವೆ, ಯಾವುದರ ಪಾಪ ಹೆಚ್ಚು. ಬಸದಿಯ ಕಟ್ಟೆಯ ಮೇಲೂ ಇದೇ ಮಾತು. ಭಾವನವರ ಅಂಗಡಿಯಲ್ಲಿ ಬೆಲ್ಲದ ಪೆಂಟೆಗಳ ಕೆಳಗೆ ಸತ್ತ ಇರುವೆಗಳನ್ನು ದಿನಾ ಗುಡಿಸಿ ಚೆಲ್ಲುತ್ತಿದ್ದವಳು ನಾನು. ಆ ಲೆಕ್ಕ ಯಾರಿಗೂ ಬೇಕಿರಲಿಲ್ಲ.

ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ಕೂತು ಕೇಳುತ್ತಿದ್ದೆ. ಗಂಡನ ಅಣ್ಣನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಹೇಳುವುದಿದ್ದರೆ ಅತ್ತೆಯ ಕಡೆ ಮುಖ ಮಾಡಿ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಬೇಕು. ಹೇಳಲಿಲ್ಲ. ಅತ್ತೆ ಮಾತ್ರ ಬಾಣಂತಿಗೆಂದು ಅಂಟಿನ ಉಂಡಿ ಕಟ್ಟಿ ಡಬ್ಬಿ ತುಂಬಿಸಿದ್ದರು. ಮನೆಯಲ್ಲಿ ಕೆಲಸ ಅಂತ ಆದದ್ದು ಅದೊಂದೇ.

ಒಂದು ಸಂಜೆ ನನ್ನ ಗಂಡನೇ ಗೆದ್ದಂತಾಯಿತು. ವಿಮಾನ ಹಗಲಿನಲ್ಲೇ ಮುಟ್ಟುತ್ತದೆ, ರಾತ್ರಿ ಊಟದ ಪ್ರಶ್ನೆಯೇ ಇಲ್ಲ, ತಾವೇ ನನ್ನನ್ನು ಕರೆದೊಯ್ಯುವುದಾಗಿ ಎದೆ ಉಬ್ಬಿಸಿ ಹೇಳಿದರು. ಆಗ ಜಪಮಾಲೆ ಹಿಡಿದು ಕೂತಿದ್ದ ಅತ್ತೆ ಕಣ್ಣು ಬಿಟ್ಟರು.

“ಅಲ್ಲೋ, ನಿನ್ನ ದಿಕ್ಕಿನ ವ್ರತ ಎಲ್ಲಿ ಹೋತು?”

ನನ್ನ ಗಂಡ ಉಬ್ಬಿಸಿದ ಎದೆ ಇಳಿಸಿದರು.

ಹಿಂದಿನ ಚಾತುರ್ಮಾಸದಲ್ಲಿ ಮುನಿಮಹಾರಾಜರು ಊರಿನಲ್ಲಿ ತಂಗಿದ್ದಾಗ ಮನೆಮಂದಿಯೆಲ್ಲ ದಿಗ್ವ್ರತ ತೆಗೆದುಕೊಂಡಿದ್ದರು. ಹತ್ತು ದಿಕ್ಕಿಗೂ ಒಂದೊಂದು ಗಡಿ ಹಾಕಿಕೊಳ್ಳುವುದು, ಬದುಕಿರುವ ತನಕ ಅದನ್ನು ದಾಟದಿರುವುದು. ಹತ್ತರಲ್ಲಿ ಮೇಲೆ, ಕೆಳಗೆ ಎರಡೂ ಸೇರಿದವು. ನನ್ನ ಗಂಡ ತೀರ್ಥಗಳಿಗೆ ಬಾಗಿಲು ತೆರೆದಿಟ್ಟುಕೊಂಡಿದ್ದರು. ಮೂಡಲಿಗೆ ಸಮ್ಮೇದ ಶಿಖರಜಿ, ತೆಂಕಲಿಗೆ ಶ್ರವಣಬೆಳಗೊಳ, ಬಡಗಲಿಗೆ ಗಿರನಾರ, ಪಡುವಲಿಗೆ ಸಮುದ್ರದ ದಂಡೆ. ಮೇಲಕ್ಕೆ ಶಿಖರಜಿಯ ಬೆಟ್ಟದ ತುದಿ, ಕೆಳಕ್ಕೆ ನಮ್ಮ ತೋಟದ ಬಾವಿಯ ತಳ. ಕೊಲ್ಹಾಪುರದ ಪೇಟೆ ದಾಟಿ ಹೋಗದ ಮನುಷ್ಯ ಇಷ್ಟೆಲ್ಲ ತ್ಯಾಗ ಮಾಡಿದ್ದಕ್ಕೆ ಊರವರು ಹೊಗಳಿದ್ದೇ ಹೊಗಳಿದ್ದು. ತಾನು ಎಂದೂ ಹೋಗದ ಊರುಗಳನ್ನು ಬಿಟ್ಟುಕೊಡುವುದಕ್ಕೆ ಬೇಕಾಗುವ ಧೈರ್ಯ ಎಷ್ಟು, ನೀವೇ ಹೇಳಿ.

ಈಗ ನೋಡಿದರೆ ಅಂದಮಾನ ಮೂಡಲ ಗಡಿಯ ಆಚೆ. ವಿಮಾನ ಮೇಲಿನ ಗಡಿಯ ಆಚೆ. ಹಡಗಿಗೂ ಮೊದಲು ಕಲಕತ್ತೆಗೆ ಹೋಗಬೇಕು, ಅದೂ ಆಚೆ. ತಿಂಗಳ ವಾದದಲ್ಲಿ ಇಬ್ಬರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಭಾವನವರು ಗಂಟಲು ಸರಿಮಾಡಿಕೊಂಡು, “ಹಂಗಾರ ಯಾರೂ ಹೋಗೂದು ಬ್ಯಾಡ. ಮನ್ಯಾಗ ಎಲ್ಲಾರದೂ ವ್ರತ ಐತಿ” ಎಂದರು.

ತಂಗಿಗೆ ಆಗ ಎಂಟು ತಿಂಗಳು ತುಂಬುತ್ತ ಬಂದಿತ್ತು. ನಾನು ಅತ್ತೆಯ ಕಡೆ ತಿರುಗಿದೆ. ದನಿ ಮಾತ್ರ ನಡುಮನೆಯ ತನಕ ಹೋಗುವಂತೆ ಬಿಟ್ಟೆ.

“ಅತ್ಯಾರ, ನನ್ನ ವ್ರತ ಇಲ್ರಿ.”

“ಏನಂದಿ?”

“ಮಹಾರಾಜರ ಆಹಾರ ನಮ್ಮ ಮನ್ಯಾಗಿತ್ತಲ್ರಿ ಅವತ್ತ. ನೀವೆಲ್ಲಾ ಕೈ ಮುಗದ ಗಡಿ ಹಾಕ್ಕೊಳ್ಳಾಕತ್ತಾಗ ನಾ ಒಲಿ ಮುಂದ ಇದ್ದೆ. ನನ್ನ ಯಾರೂ ಕರೀಲಿಲ್ಲ.”

ಭಾವನವರು ನನ್ನ ಗಂಡನ ಮುಖ ನೋಡಿದರು, ಅವರು ಅಣ್ಣನ ಮುಖ ನೋಡಿದರು. ಅಷ್ಟು ದೊಡ್ಡ ಸಮಾರಂಭದಲ್ಲಿ ಮನೆಯ ಸೊಸೆ ಇರಲಿಲ್ಲ ಎಂಬುದು ಇಬ್ಬರಿಗೂ ಅಂದೇ ಗೊತ್ತಾದದ್ದು.

“ಒಬ್ಬಾಕಿನ್ನ ಹೆಂಗ ಕಳಸೂದಬೇ?” ಎಂದು ಭಾವನವರು ತಾಯಿಯನ್ನು ಕೇಳಿದರು.

“ಗಡಿ ತನಕಾ ಬರ್ಲಿ ನಿಮ್ಮ ಮಗಾ” ಎಂದೆ ನಾನು, ಅತ್ತೆಗೇ. “ಮುಂದ ನಾ ಹೋಗ್ತೇನಿ.”

“ಯಾತರಾಗ ಹೋಗ್ತಾಳಂತ ಕೇಳವಾ” ಎಂದರು ಭಾವನವರು.

“ವಿಮಾನದಾಗ. ಹಡಗ ಎಂದ ಬಿಡತೈತಿ ಅನ್ನೂದ ಇಲ್ಲಿ ಒಬ್ಬರಿಗೂ ಗೊತ್ತಿಲ್ಲ. ಇವರ ಮಾತ ಮುಗಿಯೂ ತನಕಾ ನನ್ನ ತಂಗಿ ಹೊಟ್ಟಿ ಕಾಯಂಗಿಲ್ಲ.”

ಅತ್ತೆ ಜಪಮಾಲೆಯನ್ನು ಚೀಲಕ್ಕೆ ಹಾಕಿ, “ಉಂಡಿ ಡಬ್ಬಿಗೆ ಬಿಗಿಯಾಗಿ ಅರಬಿ ಕಟ್ಟ” ಎಂದರು. ಅಷ್ಟಕ್ಕೆ ತೀರ್ಮಾನವಾಯಿತು. ನನ್ನ ಮಕ್ಕಳನ್ನು ಅವರೇ ನೋಡಿಕೊಂಡರು.

ಕೊಲ್ಹಾಪುರದಲ್ಲಿ ರೈಲು ಹತ್ತಿ, ಪುಣೆಯಲ್ಲಿ ಬದಲಿಸಿ, ಕಲ್ಯಾಣದಲ್ಲಿ ಕಲಕತ್ತೆಯ ಗಾಡಿ ಹಿಡಿದೆವು. ದಾರಿಯುದ್ದಕ್ಕೂ ಗಂಡ ನನಗೆ ವಿಮಾನದಲ್ಲಿ ಹೇಗೆ ಕೂರಬೇಕೆಂದು ಹೇಳಿಕೊಟ್ಟರು. ಅವರಿಗೆ ಹೇಗೆ ಗೊತ್ತೋ ದೇವರೇ ಬಲ್ಲ. ಪಾರಸನಾಥ ಸ್ಟೇಷನ್ನು ಬಂತು. ಶಿಖರಜಿಗೆ ಇಳಿಯುವುದು ಅಲ್ಲೇ. ಅವರು ಚೀಲ ಹಿಡಿದು ಇಳಿದರು. ನನ್ನನ್ನು ಹೆಂಗಸರ ಡಬ್ಬಿಗೆ ದಾಟಿಸಿದರು, ನಾನು ಕಿಟಕಿಯಲ್ಲಿ ಕೂತೆ.

“ಗಾಡಿ ಬಿಡೂತನಾ ಒಳಗ ಕುಂದರ್ತಿದ್ದೆ. ಆದ್ರ ಒಮ್ಮೆಲೆ ಬಿಟ್ಟಬಿಟ್ರ ವ್ರತ ಕೆಡತೈತಿ” ಎಂದರು.

“ಕೆಡಸ್ಕೋಬ್ಯಾಡ್ರಿ.”

“ಬೆಟ್ಟಾ ಹತ್ತಾಕ ಶಕ್ತಿ ಬೇಕಲ್ಲ. ಆ ಉಂಡಿ ಒಂದ ನಾಕ ಕೊಡ.”

ಬಾಣಂತಿಯ ಉಂಡಿ! ಕೊಟ್ಟೆ. ಗಾಡಿ ಹೊರಟಿತು. ಅವರು ಪ್ಲಾಟ್‌ಫಾರ್ಮಿನ ಮೇಲೆ ಉಂಡಿ ಹಿಡಿದು ನಿಂತಿದ್ದರು, ನೋಡಿದವರು ಅವರನ್ನೇ ಯಾರೋ ಬಿಟ್ಟುಹೋದರು ಎನ್ನಬೇಕು, ಹಾಗೆ.

ಕಲಕತ್ತೆಯಲ್ಲಿ ತಂಗಿಯ ಗಂಡನ ಕಚೇರಿಯವನೊಬ್ಬ ಬಂದು ವಿಮಾನಕ್ಕೆ ಮುಟ್ಟಿಸಿದ. ವಿಮಾನ ಅಂದರೆ ಏನೂ ಅಲ್ಲ, ಚಂದಗಡದ ಬಸ್ಸಿಗೆ ರೆಕ್ಕೆ ಹಚ್ಚಿದಂತೆ. ಸದ್ದೂ ಅದೇ, ವಾಸನೆಯೂ ಅದೇ. ಕಿವಿ ಮುಚ್ಚಿತು. ಒಬ್ಬ ಹುಡುಗಿ ಪೆಪ್ಪರಮೆಂಟು ಕೊಟ್ಟಳು, ಏನು ಹಾಕಿರುತ್ತಾರೋ ಎಂದು ಸೆರಗಿಗೆ ಕಟ್ಟಿದೆ. ನಡುವೆ ರಂಗೂನಿನಲ್ಲಿ ಇಳಿಸಿ ಎಣ್ಣೆ ಹಾಕಿದರು. ಹೊತ್ತಿರುವಾಗಲೇ ಮುಟ್ಟಿದೆ. ಗಂಡ ಹೇಳಿದ್ದರಲ್ಲಿ ನಿಜವಾದದ್ದು ಅದೊಂದೇ.

ತಂಗಿ ನನ್ನನ್ನು ನೋಡಿ ಅತ್ತಳು. “ಅಳೂದ ಆಮ್ಯಾಲ, ಮೊದಲ ಊಟಾ ಮಾಡ” ಎಂದೆ. ವಾರ ಕಳೆಯುವುದರೊಳಗೆ ಹೆತ್ತಳು, ದಿನ ತುಂಬುವ ಮೊದಲೇ. ಕೂಸು ಹಿಡಿಯಷ್ಟಿತ್ತು, ಅಳಲಿಲ್ಲ. ಸೂಲಗಿತ್ತಿ ಮುಖ ಸಪ್ಪಗೆ ಮಾಡಿದಳು. ನಾನು ಅದನ್ನು ಕಸಿದುಕೊಂಡು ಬೆನ್ನು ತಿಕ್ಕಿದೆ, ಎದೆಗೆ ಹಚ್ಚಿ ಸೆರಗು ಸುತ್ತಿದೆ. ಅತ್ತಿತು. ಎಷ್ಟೋ ದಿನ ಹಾಗೇ ಎದೆಗೆ ಕಟ್ಟಿಕೊಂಡೇ ಕೂತೆ. ಹೆಣ್ಣು. ಉಳಿಯಿತು. ಹಡಗಿಗೆ ಕಾದಿದ್ದರೆ ನಾನು ಆ ಹೊತ್ತಿಗೆ ನೀರಿನ ನಡುವೆ ಇರುತ್ತಿದ್ದೆ, ಊರಲ್ಲಿ ಬಸದಿಯ ಕಟ್ಟೆಯ ಮೇಲೆ ಅಹಿಂಸೆಯ ಮಾತು ನಡೆದಿರುತ್ತಿತ್ತು.

ತಿರುಗಿ ಬರುವಾಗ ಹಡಗಿನಲ್ಲೇ ಬಂದೆ, ಅವಸರ ಇರಲಿಲ್ಲ. ಮನೆಯಂತೆ ಎಂದಿದ್ದರಲ್ಲ ಭಾವನವರು. ದಿನಾ ವಾಂತಿ ಮಾಡಿಸುವ ಮನೆ.

ಊರಿಗೆ ಬಂದರೆ ನನ್ನ ಗಂಡನಿಗೆ ಶಿಖರಜಿ ಯಾತ್ರೆ ಮಾಡಿ ಬಂದವರೆಂದು ಬಸದಿಯಲ್ಲಿ ಹಾರ ಹಾಕಿದ್ದರಂತೆ. ಹಡಗು ಹೆಚ್ಚೋ ವಿಮಾನ ಹೆಚ್ಚೋ ಎಂಬ ಮಾತು ಇನ್ನೂ ನಡೆದಿತ್ತು. ಗಡಹಿಂಗ್ಲಜಕ್ಕೆಲ್ಲ ಎರಡರಲ್ಲೂ ಕೂತವಳು ಅವರ ಬೆನ್ನ ಹಿಂದೆಯೇ ಅಕ್ಕಿ ಆರಿಸುತ್ತಿದ್ದಳು. ಒಬ್ಬರೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ಮತ್ತೆ ಮಹಾರಾಜರು ಬಂದರು. ತಂಗಿ ಮತ್ತೆ ಬಸುರಾಗಿದ್ದಳು, ಅಲ್ಲೇ ಇದ್ದಳು. “ಈ ಸಲ ಆಕಿದೂ ಗಡಿ ಹಾಕ್ಸೂಣು” ಎಂದು ಭಾವನವರು ತಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಗಡಿ ಹಾಕುವ ದಿನ ಮಹಾರಾಜರ ಆಹಾರದ ಅಡುಗೆ ನಮ್ಮ ಮನೆಯಲ್ಲೇ ಎಂದು ನಾನೇ ಅತ್ತೆಗೆ ಹೇಳಿ ಗೊತ್ತು ಮಾಡಿಸಿದೆ. ಹೊರಗೆ ಎಲ್ಲರೂ ಕೈ ಮುಗಿದು ಕೂತರು. ನನ್ನ ಗಂಡ ಒಂದು ಸಲ ಬಾಗಿಲ ತನಕ ಬಂದರು.

“ಬರ್ತೀಯೇನ?”

“ಹಾಲ ಉಕ್ಕತೈತ್ರಿ” ಎಂದೆ.

ಹೋದರು. ನಾನು ಒಲೆಗೆ ಇನ್ನೊಂದು ಕಟ್ಟಿಗೆ ಒಟ್ಟಿದೆ.