ಮಾನಿಟರ್ ಮೇಲಿನ ರಟ್ಟು

ಮೊನ್ನೆ ಆರ್.ಟಿ. ನಗರದ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದಾಗ ಕಂಪ್ಯೂಟರ್ ‘ಟಣ್’ ಎಂದಿತು. ಏನೋ ಎರರ್. ಅಲ್ಲಿ ಯಾರೂ ತಲೆ ಎತ್ತಲಿಲ್ಲ. ನನಗೆ ಮಾತ್ರ ಮತ್ತಿಕೆರೆಯ ಆ ಡಿಟಿಪಿ ಅಂಗಡಿ ನೆನಪಾಯಿತು... ಈ ಸದ್ದು ಬಂದಾಗಲೆಲ್ಲ ಅಂಗಡಿಯಾಕೆ, “ಶುರುವಾಯ್ತು ನೋಡಿ ಇವರಿಬ್ರ ಜಗಳ” ಎನ್ನುತ್ತಿದ್ದಳು.

ಇವರಿಬ್ಬರು ಎಂದರೆ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ವರ್ಷನ್ ಮತ್ತು ಹೊಸ ವರ್ಷನ್. ಅವಳಲ್ಲಿ ಟೈಪ್ ಮಾಡಿಸುತ್ತಿದ್ದ ಕಾಲೇಜಿನವರ ಕೆಲಸಕ್ಕೆ ಹೊಸದು ಬೇಕು. ಮೇಷ್ಟ್ರಾಗಿದ್ದ ನನ್ನ ಯಜಮಾನರ ಪುಸ್ತಕ ಹಳೆಯದರಲ್ಲಿತ್ತು. ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದಾಗಿನ ತಮ್ಮ ಬಾಲ್ಯವನ್ನು ಅವರು ಅವಳ ಪಕ್ಕ ಕೂತು, ಬಾಯಲ್ಲೇ ಹೇಳಿ ಟೈಪ್ ಮಾಡಿಸಿದ್ದರು. ಅಚ್ಚಾಗುವ ಮೊದಲೇ ಹೋಗಿಬಿಟ್ಟರು. ವರ್ಷದ ತಿಥಿಗೆ ಬಂದವರ ಕೈಗೆ ಆ ಪುಸ್ತಕ ಕೊಡಬೇಕು, ನನಗೆ ಆಗ ಇದ್ದದ್ದು ಅದೊಂದೇ ಆಸೆ.

ಇದ್ದದ್ದು ಒಂದೇ ಕಂಪ್ಯೂಟರ್. ಎರಡೂ ವರ್ಷನ್ನಿನ ಫಾಂಟಿಗೆ ಒಂದೇ ಹೆಸರು. “ಒಂದೇ ಹೆಸರಿನವರು ಇಬ್ರು ಒಂದೇ ಮನೇಲಿದ್ರೆ ಹೆಂಗೆ ಆಂಟಿ? ಕರೆದಾಗ ಬೇಡದವನೇ ಓಡಿ ಬರ್ತಾನೆ!” ಎನ್ನುತ್ತಿದ್ದಳು. ಅದಕ್ಕೆ ಅವಳದೇ ಒಂದು ಸಿಸ್ಟಮ್. ಬೆಳಿಗ್ಗೆ ಹೊಸದನ್ನು ಕಿತ್ತು ಹಳೆಯದನ್ನು ಹಾಕುವುದು, ಊಟವಾದ ಮೇಲೆ ಹಳೆಯದನ್ನು ತೆಗೆದು ಹೊಸದನ್ನು. ಮಾನಿಟರಿಗೆ ದಾರ ಕಟ್ಟಿ ಇಳಿಬಿಟ್ಟ ಒಂದು ರಟ್ಟು. ಈ ಕಡೆ ‘ಹಳೇದು’, ತಿರುಗಿಸಿದರೆ ‘ಹೊಸದು’.

ಒಂದು ಮಧ್ಯಾಹ್ನ ಹೊಸದನ್ನು ಹಾಕಿದವಳು ರಟ್ಟು ತಿರುಗಿಸಲು ಮರೆತಳು. ಸಂಜೆ ರಟ್ಟಿನ ಮೇಲಿನ ‘ಹಳೇದು’ ಎಂಬುದನ್ನು ನಂಬಿ ನಮ್ಮ ಫೈಲ್ ತೆರೆದು ಸೇವ್ ಮಾಡಿದಳು. ಟಣ್. ಪುಸ್ತಕದುದ್ದಕ್ಕೂ ಒತ್ತಕ್ಷರಗಳೆಲ್ಲ ಮಾಯ. ಅಪ್ಪ ‘ಅಪ’, ಹಿಟ್ಟು ‘ಹಿಟು’. ಕಾಪಿ ಮಾಡಿಟ್ಟಿದ್ದ ಸಿಡಿ ಓಪನ್ನೇ ಆಗಲಿಲ್ಲ.

“ಬೈದ್ಬಿಡಿ ಆಂಟಿ,” ಎಂದಳು.

ಸರಿಯಾಗಿ ಬೈಯಲು ನನಗೆ ಬರುವುದು ಇಂಗ್ಲಿಷಿನಲ್ಲಿ ಮಾತ್ರ. “ಮೊದ್ಲು ಕಾಫಿ ತರಿಸು,” ಎಂದೆ.

ಮರುದಿನದಿಂದ ನಾನು ಓದುತ್ತಾ ಹೋದೆ, ಅವಳು ಒತ್ತು ಕೂರಿಸುತ್ತಾ ಬಂದಳು. ಕಾನ್ವೆಂಟಿನಲ್ಲಿ ಓದಿದ ನನಗೆ ಕನ್ನಡ ಸೆಕೆಂಡ್ ಲಾಂಗ್ವೇಜ್, ತಡವರಿಸುತ್ತಿದ್ದೆ. “ನಿಮ್ ಕಾನ್ವೆಂಟ್ ಮಿಸ್ ಥರ ಓದ್ಬೇಡಿ, ಮೇಷ್ಟ್ರ ಥರ ಓದಿ!” ಎಂದು ಗದರಿದಳು. ನಿಜ, ಅವರ ಧಾಟಿಯಲ್ಲಿ ಓದಿದರೆ ಒತ್ತು ತಾನಾಗಿ ಬಂದು ಕೂರುತ್ತಿತ್ತು. ಅವರ ದನಿಯ ಏರಿಳಿತ ನನ್ನ ಬಾಯಲ್ಲಿ ಇನ್ನೂ ಇದೆಯೆಂದು ನನಗೆ ಗೊತ್ತಾದದ್ದೇ ಆಗ... ತಿಥಿಯ ಹೊತ್ತಿಗೆ ಪುಸ್ತಕ ಬಂತು.

ಆಮೇಲೆ ಆ ಅಂಗಡಿ ಮುಚ್ಚಿತು. ಅವಳನ್ನು ಕೊನೆಯ ಸಲ ಕಂಡದ್ದು ಗೊರಗುಂಟೆಪಾಳ್ಯದ ಬಸ್ ಸ್ಟಾಪಿನಲ್ಲಿ. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗ್. ಪೀಣ್ಯದ ಕಡೆ ಯಾವುದೋ ಆಫೀಸಿನಲ್ಲಿ ಕೆಲಸವಂತೆ.

“ನಮ್ಮ ಹಳೇದು?” ಎಂದು ಕೇಳಿದೆ.

“ಈಗಿನ ಸಿಸ್ಟಮ್‌ಗೆ ಅದನ್ನ ಹಾಕಿದ್ರೂ ಕೂರಲ್ಲ ಆಂಟಿ.”

ಬಸ್ ಬಂತು. ಹತ್ತಿ ಕಿಟಕಿ ಪಕ್ಕ ಕೂತಳು. ಅಂಗೈ ಎತ್ತಿ, ಆ ರಟ್ಟನ್ನು ತಿರುಗಿಸುತ್ತಿದ್ದ ಹಾಗೆಯೇ, ಒಮ್ಮೆ ತಿರುಗಿಸಿದಳು. ನಾನೂ ತಿರುಗಿಸಿದೆ. ಫೋನ್ ನಂಬರ್ ಕೇಳಬೇಕಿತ್ತೆಂದು ನನಗೆ ಹೊಳೆಯುವಷ್ಟರಲ್ಲಿ ಬಸ್ ಫ್ಲೈಓವರ್ ದಾಟಿತ್ತು.